ಟಿಕೆಟ್ ಕೊಟ್ಟು ಹತ್ತಿದ ಚಾವಡಿ

ಅಕ್ಕಿ ಸೀದ ವಾಸನೆ ಎಲ್ಲಿಂದ ಬಂದರೂ ನನಗೆ ಜಲಜಕ್ಕನ ದನಿ ಕೇಳುತ್ತದೆ. ಅವರು ಫೋನು ಮಾಡಿದ ಹೊತ್ತಿಗೆ ನಾನು ಬಾಣಲೆಯಲ್ಲಿ ಕುಚ್ಚಲಕ್ಕಿ ಹುರಿಯುತ್ತಿದ್ದೆ. ಕೆಡ್ಡಸಕ್ಕೆ ಎರಡೇ ದಿನ ಇತ್ತು. ಕೆಡ್ಡಸವೆಂದರೆ ಭೂಮಿತಾಯಿ ಮುಟ್ಟಾಗುವ ಮೂರು ದಿನ. ಆ ದಿನಗಳಲ್ಲಿ ನಮ್ಮ ಕಡೆಯವರು ನೆಲ ಅಗೆಯುವುದಿಲ್ಲ, ಗದ್ದೆ ಉಳುವುದಿಲ್ಲ, ಮರಕ್ಕೆ ಕತ್ತಿ ತಾಗಿಸುವುದಿಲ್ಲ. ಹುರಿದ ಅಕ್ಕಿಯನ್ನು ಬೆಲ್ಲ, ತೆಂಗಿನಕಾಯಿ, ಗೇರುಬೀಜ ಸೇರಿಸಿ ಪುಡಿ ಮಾಡಿ ಆ ತಾಯಿಗೆ ಇಟ್ಟು ನಾವೂ ತಿನ್ನುತ್ತೇವೆ. ಮಂಗಳೂರು ಪೇಟೆಯ ಕೊಟ್ಟಾರದಲ್ಲಿ ನಮಗಿರುವ ಭೂಮಿಯೆಂದರೆ ತುಳಸಿಕಟ್ಟೆಯ ಸುತ್ತ ಇಂಟರ್‌ಲಾಕ್ ಹಾಕದೆ ಉಳಿದ ಎರಡು ಗೇಣು ನೆಲ. ಆದರೂ ಅವಳು ಅಲ್ಲಿಯೂ ಇದ್ದಾಳಲ್ಲ.

ಅಕ್ಕಿ ಹುರಿಯುವುದನ್ನು ಕೆಲಸ ಎನ್ನುವುದಕ್ಕಿಂತ ಕಾವಲು ಎನ್ನಬೇಕು. ಕಣ್ಣು ತಪ್ಪಿದರೆ ಮುಗಿಯಿತು. ಜಲಜಕ್ಕ ನಮ್ಮ ಮಹಿಳಾ ಮಂಡಳಿಯ ಕಾರ್ಯದರ್ಶಿ. ಬೇರೆಯವರ ಕಣ್ಣು ತಪ್ಪಿಸುವುದೇ ಅವರ ಕಸುಬು.

"ವಾರಿಜ, ಭಾನುವಾರ ಫ್ರೀ ಇದ್ದೀಯಾ?"

"ನಮ್ಮಲ್ಲಿ ಫ್ರೀಯಾಗಿ ಬರುವುದು ನಲ್ಲಿಯ ಗಾಳಿ ಮಾತ್ರ ಜಲಜಕ್ಕ. ಎಂತ ಉಂಟು?"

"ಮಂಡಳಿಯಿಂದ ಟೂರು. ಗುತ್ತಿನ ಮನೆ ನೋಡ್ಲಿಕ್ಕೆ. ಲಿವಿಂಗ್ ಮ್ಯೂಸಿಯಂ ಮಾಡಿದ್ದಾರೆ. ಕೆಡ್ಡಸ ಸ್ಪೆಷಲ್ ಪ್ಯಾಕೇಜ್ ಉಂಟು, ಊಟ ಸೇರಿ."

"ಲಿವಿಂಗ್ ಅಂದ್ರೆ ಎಂತದು?"

"ಎಲ್ಲ ಜೀವಂತ ಉಂಟು ಮಾರಾಯ್ತಿ. ಎತ್ತು, ದನ, ಕೋಳಿ, ಭತ್ತ ಕುಟ್ಟುವವರು, ಚಾಪೆ ಹೆಣೆಯುವವರು."

"ಮತ್ತೆ ಗುತ್ತಿನ ಯಜಮಾನರು?"

"ಅವರು ಮುಂಬಯಿಯಲ್ಲಿ."

ಗುತ್ತು ಎಂದರೆ ತುಳುನಾಡಿನಲ್ಲಿ ಯಜಮಾನಿಕೆಯ ಮನೆ. ಊರಿನ ಗದ್ದೆ ಅವರದು, ಊರಿನ ದೈವ ಅವರ ಚಾವಡಿಯಲ್ಲಿ, ಊರಿನ ಜಗಳ ಅವರ ಜಗಲಿಯಲ್ಲಿ. ಯಾವ ಗುತ್ತು ಎಂದು ಕೇಳಿದೆ. ಜಲಜಕ್ಕ ಹೆಸರು ಹೇಳಿದರು. ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಜಲಜಕ್ಕ ನನ್ನ ಗೇಟು ಅಲುಗಾಡಿಸುತ್ತಾರೆ. ಬಜಪೆ ದಾಟಿ ಒಳಗೆ ಹೋಗಬೇಕು ಎಂಬಲ್ಲಿಗೆ ನಿಲ್ಲಿಸುತ್ತೇನೆ.

ಕೈಯಲ್ಲಿ ಸಟ್ಟುಗ ಇದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿದ್ದೆ. ನಡುಕೋಣೆಯಲ್ಲಿ ಕೂತು ಗೇರುಬೀಜ ಎರಡು ಹೋಳು ಮಾಡುತ್ತಿದ್ದ ಅತ್ತೆಯ ಕೈ ನಿಂತಿತು.

"ನಾನೂ ಬರ್ತೇನೆ ಅಂತ ಹೇಳು," ಎಂದರು.

ನಾನು ಸಟ್ಟುಗ ಎತ್ತಿ ಹಿಡಿದುಕೊಂಡು ಅವರ ಮುಖ ನೋಡುತ್ತ ನಿಂತೆ. ಅಕ್ಕಿ ಕಪ್ಪಾಯಿತು.

ನಮ್ಮ ಅತ್ತೆಯನ್ನು ನೀವು ನೋಡಿಲ್ಲ. ಎಂಬತ್ತರ ಹತ್ತಿರ ವಯಸ್ಸು, ಒಣಗಿದ ತೆಂಗಿನ ಕೊತ್ತಳಿಗೆಯ ಹಾಗೆ ಸಪೂರ, ಅಷ್ಟೇ ಗಟ್ಟಿ. ಎಲ್ಲಿಗೆ ಕರೆದರೂ ಬರುವವರಲ್ಲ. ಒಮ್ಮೆ ಮಾಲ್ ತೋರಿಸುತ್ತೇವೆ ಎಂದು ಹೊರಡಿಸಿದರೆ, ಬಾಗಿಲ ಬಳಿ ಒಳಗಿನ ತಂಪು ಗಾಳಿ ಮುಖಕ್ಕೆ ಬಡಿದದ್ದೇ, "ಬಿಸಿಲು ಬೀಳದ ಪೇಟೆಯಲ್ಲಿ ಎಂತದು ವ್ಯಾಪಾರ" ಎಂದು ತಿರುಗಿ ರಿಕ್ಷಾ ಹತ್ತಿದವರು. ಅವರಿಗೆ ಗುತ್ತಿನ ಮನೆ ಎಂತಕ್ಕೆ ಬೇಕಾಯಿತು? ಕಪ್ಪಾದ ಅಕ್ಕಿಯನ್ನು ಮೊರಕ್ಕೆ ಸುರಿದು ಇಬ್ಬರೂ ಆರಿಸುತ್ತ ಕೂತಾಗ ಹೇಳಿದರು. ನಾವು ಮನೆಯಲ್ಲಿ ಆಡುವುದು ತುಳು. ನಿಮಗೋಸ್ಕರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನನ್ನ ಅಮ್ಮ ಆ ಗುತ್ತಿನ ಒಕ್ಕಲು. ನಾಟಿ ಇರಲಿ, ಕೊಯ್ಲು ಇರಲಿ, ಹಬ್ಬ ಇರಲಿ, ನಮ್ಮ ಜಾಗ ಅಂಗಳ. ಹಲಸಿನ ಮರದ ಬುಡದಲ್ಲಿ ಅಡಿಕೆ ಹಾಳೆ ಇಟ್ಟು ಕೂರುದು, ಗುತ್ತಿನವರು ಮೇಲಿಂದ ಬಡಿಸುದು. ಅಲ್ಲಿಂದ ಮುಂದೆ ಇಲ್ಲ."

"ದೈವದ ದಿವಸ?"

"ದೈವದ ದಿವಸವೂ ತುಳಸಿಕಟ್ಟೆಯ ಹಿಂದೆಯೇ. ಒಳಗೆ ಮಂಚದ ಮೇಲೆ ದೈವದ ಮೊಗ ಉಂಟು, ಬೆಳ್ಳಿ ಉಂಟು, ಕಂಚು ಉಂಟು ಅಂತ ಎಲ್ಲರೂ ಹೇಳುದು. ಅಮ್ಮ ನನ್ನನ್ನು ಎತ್ತಿ ಹಿಡಿತಿದ್ರು. ನನಗೆ ಕಂಡದ್ದು ಗಂಡಸರ ಬೆನ್ನು."

ಭೂಮಸೂದೆ ಬಂದು ಅತ್ತೆಯ ತವರಿನವರು ಉಳುತ್ತಿದ್ದ ಗದ್ದೆ ಅವರದೇ ಆಯಿತಂತೆ. ಆದರೆ ಗದ್ದೆ ಬಂದದ್ದು ಬೇರೆ, ಮೆಟ್ಟಿಲು ಹತ್ತುವುದು ಬೇರೆ. ಅತ್ತೆಯ ಅಮ್ಮ ತೀರಿಹೋಗುವವರೆಗೂ ಆ ಚಾವಡಿಗೆ ಹೋಗಲಿಲ್ಲ. ಯಾರೂ ತಡೆಯಲಿಲ್ಲ, ಯಾರೂ ಕರೆಯಲೂ ಇಲ್ಲ. ಅತ್ತೆ ಅಷ್ಟರಲ್ಲಿ ಮದುವೆಯಾಗಿ ಹಂಚಿನ ಕಾರ್ಖಾನೆಯ ಕೆಲಸಗಾರನ ಹೆಂಡತಿಯಾಗಿ ಮಂಗಳೂರು ಸೇರಿದ್ದರು.

"ಒಂದು ಸಲ ಆ ಬಾಗಿಲು ದಾಟಿ ಒಳಗೆ ಹೋಗಿ ದೈವದ ಎದುರು ನಿಂತು ಕೈ ಮುಗಿಬೇಕು ಅಂತ ಉಂಟು ನನಗೆ. ಅಮ್ಮನ ಲೆಕ್ಕದ್ದೂ ಸೇರಿಸಿ." ಸ್ವಲ್ಪ ಹೊತ್ತು ಅಕ್ಕಿ ಆರಿಸಿದರು. "ಬಿಡ್ತಾರಾ?"

"ಟಿಕೆಟ್ ಕೊಟ್ಟರೆ ಯಾರನ್ನಾದ್ರೂ ಬಿಡ್ತಾರೆ ಅತ್ತೆ," ಎಂದೆ. ಹೇಳಿದ ಮೇಲೆ ಆ ಮಾತು ನನಗೇ ಅಷ್ಟು ಚಂದ ಕಾಣಲಿಲ್ಲ.

ನನಗೆ ಇಂಥ ಮನೆಗಳ ಹುಚ್ಚು ಇಲ್ಲ. ನಾನು ಹುಟ್ಟಿದ್ದು ಕಾಟಿಪಳ್ಳದಲ್ಲಿ. ಬಂದರು ಬರುವಾಗ ಜಾಗ ಬಿಟ್ಟುಕೊಟ್ಟು ಬಂದವರಿಗೆ ಹಂಚಿದ ಸೈಟುಗಳ ಊರು ಅದು. ನನ್ನ ಅಜ್ಜನ ಮನೆ ಇದ್ದಲ್ಲಿ ಈಗ ಹಡಗು ನಿಲ್ಲುತ್ತದೆ. ಸಣ್ಣವಳಿದ್ದಾಗ ಅಪ್ಪ ಪಣಂಬೂರಿಗೆ ಕರೆದುಕೊಂಡು ಹೋಗಿ, ದೂರದ ಕ್ರೇನಿನ ಕಡೆ ಕೈ ತೋರಿಸಿ, "ಅಗೋ ಅದರ ಬುಡದಲ್ಲಿ ನಮ್ಮ ದನದ ಹಟ್ಟಿ" ಎನ್ನುತ್ತಿದ್ದರು. ನಾನು ಬಹಳ ಕಾಲ ಕ್ರೇನೆಂದರೆ ಕಬ್ಬಿಣದ ದನ ಎಂದು ತಿಳಿದಿದ್ದೆ. ತಲೆತಲಾಂತರದ ವಸ್ತು ಎಂದು ನಮ್ಮೊಂದಿಗೆ ಬಂದದ್ದು ಒಂದು ಅರೆಯುವ ಕಲ್ಲು ಮಾತ್ರ. ಅದು ಮದುವೆಯ ನಂತರ ನನ್ನ ಹಿಂದೆ ಕೊಟ್ಟಾರಕ್ಕೂ ಬಂತು. ಮಿಕ್ಸಿ ಕೆಟ್ಟ ದಿನ ಅದರಲ್ಲಿ ಅರೆಯುತ್ತೇನೆ ಎಂದು ಇಟ್ಟುಕೊಂಡದ್ದು. ಮಿಕ್ಸಿ ಹಲವು ಸಲ ಕೆಟ್ಟಿತು. ಆ ದಿನಗಳಲ್ಲಿ ನಾವು ಹೋಟೆಲಿನಿಂದ ಚಟ್ನಿ ತರಿಸಿದೆವು. ಈಗ ಆ ಕಲ್ಲಿನ ಮೇಲೆ ಬಟ್ಟೆ ಒಗೆಯುವ ಬಕೆಟು ಕೂರುತ್ತದೆ. ಆದ್ದರಿಂದ ಹಳೆಯದನ್ನು ಉಳಿಸುವವರ ಬಗ್ಗೆ ಮಾತಾಡುವ ಯೋಗ್ಯತೆ ನನಗೆ ಇಲ್ಲ. ಯೋಗ್ಯತೆ ಇಲ್ಲದಿದ್ದರೂ ಬಾಯಿ ಉಂಟು, ಎಂತ ಮಾಡುವುದು.

ಭಾನುವಾರ ಅತ್ತೆ ಕತ್ತಲಿರುವಾಗಲೇ ತಲೆಗೆ ನೀರು ಹಾಕಿಕೊಂಡರು. ಮೊಮ್ಮಗಳ ಮದುವೆಗೆ ಉಟ್ಟಿದ್ದ ಪಟ್ಟೆ ಸೀರೆ ತೆಗೆದರು, ಪಟ್ಟೆ ಎಂದರೆ ನಮ್ಮಲ್ಲಿ ರೇಷ್ಮೆ. ಒಂದು ಲೋಟ ಕರಿ ಚಹಾ ಬಿಟ್ಟರೆ ಎಂತದೂ ಬೇಡ ಎಂದರು. ಚೀಲದೊಳಗೆ ಒಂದು ಬಾಟಲಿ ತೆಂಗಿನೆಣ್ಣೆ, ಬಾಳೆಲೆಯಲ್ಲಿ ಕಟ್ಟಿದ ಒಂದು ಚೆಂಡು ಮಲ್ಲಿಗೆ. ಬಸ್ಸಿನಲ್ಲಿ ಮಂಡಳಿಯವರು ಅಂತ್ಯಾಕ್ಷರಿ ಹಾಡಿದರು, ಚಿಪ್ಸ್ ತಿಂದರು. ಅತ್ತೆ ಚೀಲವನ್ನು ಮಡಿಲಲ್ಲಿ ನೆಟ್ಟಗೆ ಹಿಡಿದುಕೊಂಡು ಕೂತಿದ್ದರು, ಒಳಗಿನ ಎಣ್ಣೆ ಅಲುಗಾಡದ ಹಾಗೆ. ದೇವರ ದಯೆಯಿಂದ ತಿರುವುಗಳಲ್ಲಿ ನನಗೆ ವಾಂತಿ ಬರಲಿಲ್ಲ. ಅಷ್ಟನ್ನಾದರೂ ಅವನು ನಡೆಸಿಕೊಟ್ಟ.

ಗೇಟಿನಲ್ಲೇ ಕೈಗೆ ಕಾಗದದ ಪಟ್ಟಿ ಕಟ್ಟಿದರು, ಆಸ್ಪತ್ರೆಗೆ ಸೇರಿಸಿಕೊಳ್ಳುವಾಗ ಕಟ್ಟುತ್ತಾರಲ್ಲ, ಹಾಗೆ. ಎಲ್ಲರ ತಲೆಗೂ ಒಂದೊಂದು ಮುಟ್ಟಾಳೆ. ಅಡಿಕೆ ಹಾಳೆಯ ಆ ಟೊಪ್ಪಿ ಗದ್ದೆಯಲ್ಲಿ ದುಡಿಯುವ ಗಂಡಸರದು. ಜಲಜಕ್ಕ ಅದನ್ನು ತಮ್ಮ ಜಡೆಯ ಮೇಲೆ ಇಟ್ಟುಕೊಂಡಾಗ ಉಕ್ಕುವ ಪಾತ್ರೆಗೆ ಯಾರೋ ಮುಚ್ಚಳ ಹಾಕಿದ ಹಾಗೆ ಕಾಣಿಸಿತು. ನನ್ನದು ಹೇಗೆ ಕಾಣಿಸಿತೋ, ನೋಡಿದವರು ಬರೆಯಲಿ.

ಒಳಗೆ ಎಲ್ಲದಕ್ಕೂ ಬೋರ್ಡು. ಇದು ಬಾವಿ. ಇದು ಹಟ್ಟಿ. ಇದು ತೆಂಗಿನ ಮರ. ಮಂಗಳೂರಿನವರನ್ನು ಕರೆದು ತೆಂಗಿನ ಮರದ ಪರಿಚಯ ಮಾಡಿಸುವ ಕಾಲ ಬಂತಲ್ಲ ಎಂದು ನಾನು ಮರದ ಕಡೆ ನೋಡಿದೆ. ಮರಕ್ಕೂ ನಾಚಿಕೆಯಾದ ಹಾಗಿತ್ತು. ಅಂಗಳ ಸೆಗಣಿ ಸಾರಿಸಿದ ಹಾಗೆ ಹಸಿರಾಗಿತ್ತು. ಬಗ್ಗಿ ಮುಟ್ಟಿದರೆ ಪೈಂಟು. ಒಬ್ಬಳು ಹೆಂಗಸು ಹಳೆ ಕಾಲದ ಹಾಗೆ ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿ ಅರೆಯುವ ಕಲ್ಲಿನ ಎದುರು ಕೂತಿದ್ದಳು. ನಾವು ಹತ್ತಿರ ಹೋದ ಕೂಡಲೇ ಕಲ್ಲು ತಿರುಗಿಸತೊಡಗಿದಳು, ದಾಟಿದ ಕೂಡಲೇ ನಿಲ್ಲಿಸಿದಳು. ಪಕ್ಕದ ಬೋರ್ಡಿನಲ್ಲಿ 'ಇಂದಿನ ಊಟಕ್ಕೆ ಕಲ್ಲಿನಲ್ಲಿ ಅರೆದ ಮಸಾಲೆ' ಎಂದಿತ್ತು. ಕಲ್ಲಿನ ಗುಳಿಯಲ್ಲಿ ನೀರು ಮಾತ್ರ ಇತ್ತು. ಹಿಂದಿನ ಶೆಡ್ಡಿನಿಂದ ಮಿಕ್ಸಿಯ ಸದ್ದು ಬರುತ್ತಿತ್ತು, ದೊಡ್ಡ ಜಾರು, ಮೂರನೇ ಸ್ಪೀಡು. ಇಪ್ಪತ್ತು ವರ್ಷ ಮಿಕ್ಸಿ ತಿರುಗಿಸಿದವಳಿಗೆ ಇಷ್ಟು ಗೊತ್ತಾಗುವುದಿಲ್ಲವಾ.

ಅದನ್ನೆಲ್ಲ ನುಂಗಿಕೊಂಡೆ. ಹೊಟ್ಟೆಪಾಡು, ನಡೆಯಲಿ. ಆದರೆ ಗದ್ದೆಯ ಹತ್ತಿರ ಬಂದಾಗ ನನ್ನ ಕಾಲು ಕಟ್ಟಿಹೋಯಿತು. ಎತ್ತು ಕಟ್ಟಿ ಗದ್ದೆ ಉಳುತ್ತಿದ್ದರು. ಕಪ್ಪು ಕನ್ನಡಕ ಹಾಕಿದ ಒಬ್ಬ ಗಂಡಸು ನೇಗಿಲು ಹಿಡಿದಿದ್ದ, ಅವನ ಹೆಂಡತಿ ಬದುವಿನಿಂದ ಮೊಬೈಲು ಹಿಡಿದಿದ್ದಳು. ಅತ್ತೆ ಫಕ್ಕನೆ ಮುಖ ಆಚೆ ತಿರುಗಿಸಿದರು, ಹೆಂಗಸರು ಮೀಯುವಲ್ಲಿ ಯಾರೋ ಇಣುಕಿದ ಹಾಗೆ. ನಾನು ಮ್ಯಾನೇಜರನನ್ನು ಕರೆದೆ. ಬಿಳಿ ಮುಂಡು ಉಟ್ಟು ಕಿವಿಗೆ ವಯರು ಸಿಕ್ಕಿಸಿಕೊಂಡಿದ್ದ ಮನುಷ್ಯ.

"ಇವತ್ತು ನಡು ಕೆಡ್ಡಸ ಅಲ್ವಾ?"

"ಹೌದು ಆಂಟಿ, ಅದಕ್ಕೇ ಸ್ಪೆಷಲ್. ಬೇರೆ ದಿನ ಎತ್ತು ಬರೇ ನಿಲ್ಲುದು, ಇವತ್ತು ಉಳುದು."

"ಮುಟ್ಟಾದ ಭೂಮಿತಾಯಿಯ ಮೈಗೆ ನೇಗಿಲು ಹಾಕುವ ಕ್ರಮ ಯಾವ ಗುತ್ತಿನಲ್ಲಿ ಉಂಟು?"

ಅವನಿಗೆ ಒಂದಿಷ್ಟೂ ಬೇಜಾರಾಗಲಿಲ್ಲ. "ಟೆನ್ಶನ್ ಮಾಡ್ಬೇಡಿ ಆಂಟಿ. ಅದು ಒರಿಜಿನಲ್ ಗದ್ದೆ ಅಲ್ಲ. ಕೆಳಗೆ ಕಾಂಕ್ರೀಟು, ಮೇಲೆ ಲಾರಿಯಲ್ಲಿ ತರಿಸಿದ ಮಣ್ಣು."

ಲಾರಿಯಲ್ಲಿ ಬಂದ ಮಣ್ಣಿಗೆ ಮುಟ್ಟು ಉಂಟಾ ಇಲ್ಲವಾ ಎಂದು ಯಾವ ಭಟ್ಟರನ್ನು ಕೇಳುವುದು? ಒರಿಜಿನಲ್ ಗದ್ದೆ ಎಲ್ಲಿ ಎಂದರೆ ಬಸ್ಸು ನಿಲ್ಲಿಸಿದ ಜಾಗ ತೋರಿಸಿದ. ಅತ್ತೆ ಆ ಕಡೆ ಒಮ್ಮೆ ನೋಡಿದರು. ಅಲ್ಲಿ ಅವರ ಅಮ್ಮ ಭತ್ತದ ನೇಜಿ ನೆಟ್ಟಿದ್ದರಂತೆ. ನಮ್ಮ ಡ್ರೈವರು ಟಯರಿಗೆ ಕಲ್ಲು ಕೊಡುತ್ತಿದ್ದ.

ಅಂಗಳಕ್ಕೆ ವಾಪಸು ಬರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಪೈಂಟು ಬಳಿದ ಅಂಗಳ ದೋಸೆಕಲ್ಲಿನ ಹಾಗೆ ಕಾದಿತ್ತು. ಗೈಡ್ ಹುಡುಗಿ ರಶ್ಮಿತಾ ಎಂದು ಹೆಸರು ಹೇಳಿಕೊಂಡು ಚಪ್ಪಾಳೆ ತಟ್ಟಿ ನಮ್ಮನ್ನೆಲ್ಲ ಹಲಸಿನ ಮರದ ಹತ್ತಿರ ಸೇರಿಸಿದಳು. ಮರ ಅದೇ, ಅತ್ತೆ ಹೇಳಿದ್ದು. ಒಂದು ಕೊಂಬೆ ಇಲ್ಲ, ಅಷ್ಟೇ.

"ಇಲ್ಲಿ ಗುತ್ತಿನ ಅಮ್ಮ ತಮ್ಮ ಒಕ್ಕಲಿನವರಿಗೆ ಕೈಯಾರೆ ಊಟ ಬಡಿಸ್ತಿದ್ರು. ಆಗಿನ ಕಾಲದಲ್ಲಿ ಎಷ್ಟು ಪ್ರೀತಿ ಇತ್ತು ನೋಡಿ. ಈಗ ನಾವು ಅದನ್ನು ರೀಕ್ರಿಯೇಟ್ ಮಾಡುವ. ಯಾರು ಅಮ್ಮ ಆಗ್ತೀರಿ, ಯಾರು ಒಕ್ಕಲು ಆಗ್ತೀರಿ?"

ಅಮ್ಮ ಆಗಲು ಏಳೆಂಟು ಕೈ ಎದ್ದವು. ಒಕ್ಕಲು ಆಗಲು ಒಂದೂ ಇಲ್ಲ. ಮಂಡಳಿಯ ಹೆಂಗಸರಿಗೆ ಚರಿತ್ರೆ ಗೊತ್ತಿಲ್ಲ ಎಂದು ಮಾತ್ರ ಹೇಳಬೇಡಿ. ಹುಡುಗಿ ಸುತ್ತ ಕಣ್ಣು ಹಾಯಿಸಿದಳು. ಕಣ್ಣು ಅತ್ತೆಯ ಮೇಲೆ ನಿಂತಿತು.

"ಅಜ್ಜಿ, ನೀವು ಕೂತ್ರೆ ಪರ್ಫೆಕ್ಟ್. ಫೇಸ್ ನೋಡಿ, ಒರಿಜಿನಲ್."

ಪಟ್ಟೆ ಸೀರೆ ಉಟ್ಟು ಬಂದರೂ ಆ ಮುಖದಲ್ಲಿ ಅವಳಿಗೆ ಅಂಗಳವೇ ಕಾಣಿಸಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸಮಾಧಾನದಲ್ಲಿ ಹೇಳಿದರು:

"ನಾನು ಕೂತಾಗಿದೆ ಮಗಾ. ನಿನ್ನ ಅಮ್ಮ ಹುಟ್ಟುವ ಮೊದಲೇ ಕೂತಾಗಿದೆ. ಇನ್ನು ಬೇರೆಯವರು ಕೂರಲಿ."

ಹುಡುಗಿಗೆ ಅರ್ಥವಾಗಲಿಲ್ಲ. ಅಜ್ಜಿಗೆ ಮೊಣಗಂಟು ನೋವು ಎಂದು ತಿಳಿದು ಪಾಪ, ಸ್ಟೂಲು ತರಲೇ ಎಂದಳು. ಕೊನೆಗೆ ಅಮ್ಮ ಆಗಲು ಹೊರಟಿದ್ದ ಜಲಜಕ್ಕನೇ ಬೇರೆಯವರು ಬಿಡದೆ ಹಾಳೆಯ ಎದುರು ಕೂರಬೇಕಾಯಿತು. ಕಾದ ನೆಲಕ್ಕೆ ತಾಗಿದ್ದೇ ಒಮ್ಮೆ ಎದ್ದು, ಮುಟ್ಟಾಳೆಯನ್ನು ಅಡಿಗೆ ಹಾಕಿಕೊಂಡು ಪುನಃ ಕೂತರು. ಫೋಟೋದಲ್ಲಿ ನಗು ಬರಬೇಕೆಂದು ಹುಡುಗಿ ನಾಲ್ಕು ಸಲ ತೆಗೆದಳು.

ಅತ್ತೆ ಅದನ್ನು ನೋಡಲು ನಿಲ್ಲಲಿಲ್ಲ. ಚಾವಡಿಯ ಮೆಟ್ಟಿಲ ಬಳಿ ಹೋಗಿ ಚಪ್ಪಲಿ ಬಿಟ್ಟರು. ಅಲ್ಲಿಟ್ಟಿದ್ದ ತಾಮ್ರದ ಹಂಡೆಯಿಂದ ನೀರು ತೆಗೆಯಲು ನೋಡಿದರೆ ಹಂಡೆ ಒಣಗಿತ್ತು, ಒಳಗೆ ಪ್ಲಾಸ್ಟಿಕ್ ತಾವರೆ. ನನ್ನ ಬಾಟಲಿಯ ಕುಡಿಯುವ ನೀರಿನಲ್ಲಿ ಕಾಲು ತೊಳೆದುಕೊಂಡರು. ಮೊದಲ ಮೆಟ್ಟಿಲು ಹತ್ತಿದರು. ಎರಡನೆಯದು. ಅಲ್ಲಿ ನಿಂತರು. ನಾನು ಮೊಣಗಂಟು ಎಂದುಕೊಂಡು ಕೈ ಹಿಡಿಯಹೋದೆ.

"ಕಾಲು ನೋವಿಲ್ಲ," ಎಂದರು. "ಹಿಂದಿನಿಂದ ಯಾರಾದ್ರೂ ಕರಿತಾರಾ ಅಂತ ನೋಡಿದ್ದು."

ಯಾರೂ ಕರೆಯಲಿಲ್ಲ. ಒಳಗೆ ಹೋದೆವು.

ನಿಜ ಹೇಳುತ್ತೇನೆ, ಚಾವಡಿ ಚಂದ ಇತ್ತು. ಹಲಸಿನ ಮರದ ಕಂಬಗಳು ಎರಡು ಕೈಯ ಅಪ್ಪುಗೆಗೆ ಸಿಗದಷ್ಟು ದಪ್ಪ. ಮೂಲೆಯಲ್ಲಿ ಸರಪಣಿಯಿಂದ ತೂಗಿದ ಮಂಚ, ಅದರ ಮೇಲೆ ಕೆಂಪು ಪಟ್ಟೆ, ಬೆಳ್ಳಿಯ ಮೊಗಗಳು, ಖಡ್ಗ, ಗಂಟೆ, ಎರಡೂ ಬದಿಯಲ್ಲಿ ಉರಿಯುವ ದೀಪ. ನನ್ನ ಕೈ ತಾನಾಗಿ ಮುಗಿಯಿತು. ಅತ್ತೆ ಮಂಚದ ಎದುರು ನಿಂತರು, ನಡುವೆ ಒಂದೇ ಒಂದು ಬೆನ್ನಿಲ್ಲದೆ. ಕಣ್ಣು ಮುಚ್ಚಲಿಲ್ಲ, ತೆರೆದೇ ಕೈ ಮುಗಿದರು. ತುಟಿ ಅಲುಗಾಡುತ್ತಿತ್ತು. ಎಂತ ಹೇಳಿದರೋ ನಾನು ಕೇಳಿಲ್ಲ, ಕೇಳಬಾರದು ಕೂಡಾ. ಅಷ್ಟರಲ್ಲಿ ಅಂಗಳದಿಂದ ಮಂಡಳಿಯವರು ಗುಂಪಾಗಿ ಬಂದರು. ಜಲಜಕ್ಕ ಎದುರಿನ ಹರಿವಾಣಕ್ಕೆ ಒಂದು ನೋಟು ಹಾಕಿ ಗಲ್ಲಕ್ಕೆ ಕೈ ಬಡಿದುಕೊಂಡರು.

ಅತ್ತೆ ಚೀಲದಿಂದ ಎಣ್ಣೆಯ ಬಾಟಲಿ ತೆಗೆದು ಗೈಡ್ ಹುಡುಗಿಯನ್ನು ಕರೆದರು. "ದೀಪಕ್ಕೆ ಎಣ್ಣೆ ತಂದಿದ್ದೇನೆ ಮಗಾ. ಯಾರ ಕೈಗೆ ಕೊಡುದು?"

"ಎಣ್ಣೆ ಬೇಡ ಅಜ್ಜಿ. ಅದು ಎಲ್‌ಇಡಿ."

"ಮಂಚಕ್ಕೆ ಮಲ್ಲಿಗೆ?"

ಹುಡುಗಿ ಸ್ವಲ್ಪ ದನಿ ತಗ್ಗಿಸಿದಳು. ಅಷ್ಟು ಮರ್ಯಾದೆ ಅವಳಿಗಿತ್ತು. "ಅಜ್ಜಿ, ಇದೆಲ್ಲ ಡಿಸ್‌ಪ್ಲೇ. ಮೊಗ ಫೈಬರಿಂದು. ಮ್ಯೂಸಿಯಂ ಮಾಡುವ ಮೊದಲೇ ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಟ್ಟು, ತಂತ್ರಿಗಳನ್ನು ಕರೆಸಿ, ದೈವವನ್ನು ಎಬ್ಬಿಸಿ ಬೇರೆ ಕಡೆ ಹೊಸ ಗುಡಿಯಲ್ಲಿ ಪ್ರತಿಷ್ಠೆ ಮಾಡಿದ್ದಾರೆ. ಇಲ್ಲಿ ಈಗ ಇಲ್ಲ."

"ಹೊಸ ಗುಡಿ ಎಲ್ಲಿ? ನಾವು ಅಲ್ಲಿಗೇ ಹೋಗ್ತೇವೆ," ಎಂದೆ ನಾನು.

"ಅದು ಅವರ ಪ್ರೈವೇಟ್ ಕಾಂಪೌಂಡ್ ಆಂಟಿ. ಕುಟುಂಬದವರಿಗೆ ಮಾತ್ರ. ಹೊರಗಿನವರನ್ನು ಬಿಡುದಿಲ್ಲ."

ನೋಡಿದಿರಾ. ಬಾಗಿಲು ತೆರೆದಿಟ್ಟು, ಒಳಗಿದ್ದವನನ್ನು ಕರೆದುಕೊಂಡು ಹೋಗಿದ್ದಾರೆ. ಚಾವಡಿಯನ್ನು ಊರಿಗೆಲ್ಲ ಮಾರಿ, ದೈವವನ್ನು ಮಾತ್ರ ತಮಗೆ ಇಟ್ಟುಕೊಂಡಿದ್ದಾರೆ. ಜಲಜಕ್ಕ ಹರಿವಾಣದಿಂದ ತಮ್ಮ ನೋಟನ್ನು ಮೆಲ್ಲ ಹಿಂದೆ ತೆಗೆದುಕೊಂಡರು. ಅದು ತಪ್ಪಲ್ಲ, ಫೈಬರಿಗೆ ಎಂತಕ್ಕೆ ಕಾಣಿಕೆ. ಆದರೆ ನನಗೆ ಅತ್ತೆಯ ಮುಖ ನೋಡುವ ಧೈರ್ಯ ಬರಲಿಲ್ಲ. ಇಷ್ಟು ವಯಸ್ಸಿಗೆ, ಇಷ್ಟು ಮೆಟ್ಟಿಲು ಹತ್ತಿ, ಅಮ್ಮನದ್ದೂ ಸೇರಿಸಿ ಕೈ ಮುಗಿದದ್ದು ಕೊನೆಗೆ ಅಚ್ಚಿನಲ್ಲಿ ಎರಕ ಹೊಯ್ದ ಗೊಂಬೆಗೆ. ಅವರು ಅಲ್ಲೇ ಅತ್ತರೆ ಹೇಗೆ ಕರೆದುಕೊಂಡು ಹೋಗಲಿ ಎಂದು ಯೋಚಿಸುತ್ತಿದ್ದೆ.

ಅತ್ತೆ ಅಳಲಿಲ್ಲ. ಮಾಡಿನ ಕಡೆ ನೋಡಿದರು. ಒಂದು ಕಂಬದ ಮೇಲೆ ಕೈ ಇಟ್ಟರು.

"ಹಾಗಾದ್ರೆ ಇಲ್ಲಿ ಯಾರೂ ಇಲ್ಲ?"

"ಇಲ್ಲ ಅಜ್ಜಿ."

"ಸರಿ ಗೊತ್ತುಂಟಾ ನಿನಗೆ? ಅರ್ಧಂಬರ್ಧ ಎಬ್ಬಿಸಿದ್ದಲ್ಲ?"

"ಇಲ್ಲ ಅಜ್ಜಿ, ಪೂರಾ. ಎರಡು ದಿನದ ಹೋಮ ಇತ್ತು. ನಮಗೂ ಊಟ ಇತ್ತು."

ಅತ್ತೆ ಮಲ್ಲಿಗೆಯ ಚೆಂಡನ್ನು ಬಿಚ್ಚಿ ಹುಡುಗಿಯ ಕೈಗೆ ಕೊಟ್ಟರು. "ನೀನು ಮುಡ್ಕೊ. ಬಾಡಿಹೋಗ್ತದೆ." ಎಣ್ಣೆಯ ಬಾಟಲಿಯನ್ನು ನನ್ನ ಚೀಲಕ್ಕೆ ಹಾಕಿದರು. "ಒಗ್ಗರಣೆಗೆ ಆಗ್ತದೆ." ಆಮೇಲೆ ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು ಆ ಚಾವಡಿಯ ನೆಲದ ಮೇಲೆ, ಕಂಬಕ್ಕೆ ಬೆನ್ನು ಕೊಟ್ಟು, ಎರಡೂ ಕಾಲು ಉದ್ದಕ್ಕೆ ನೀಡಿ ಕೂತರು.

"ಊಟ ಆಯ್ತಾ ಕೇಳು ವಾರಿಜ. ನಂದು ಇಲ್ಲಿಗೇ ತಾ."

"ಇಲ್ಲಿಗಾ ಅತ್ತೆ? ಕೋರಿ ರೊಟ್ಟಿ ಅಂತೆ."

"ಕೋಳಿಯೂ ತಾ. ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಉಂಟು."

ಮ್ಯಾನೇಜರ್ ಓಡಿ ಬಂದ. ಕಿವಿಯ ವಯರು ಒಂದು ಕಡೆ ಜೋತಾಡುತ್ತಿತ್ತು. "ಅಜ್ಜಿ, ಚಾವಡಿಯಲ್ಲಿ ಊಟ ಅಲೋ ಇಲ್ಲ. ಪವಿತ್ರ ಜಾಗ ಇದು. ಊಟ ಅಂಗಳದಲ್ಲಿ."

ಅಂಗಳ ಎಂಬ ಮಾತು ಅವನ ಬಾಯಿಂದ ಬಂದದ್ದೇ ನನ್ನ ಬಾಯಿ ಬಿಚ್ಚಿಕೊಂಡಿತು. "ಪವಿತ್ರ ಎಂತದಪ್ಪ? ಮಣ್ಣು ಲಾರಿದು, ಸೆಗಣಿ ಪೈಂಟು, ಮಸಾಲೆ ಮಿಕ್ಸಿದು, ದೈವ ಫೈಬರು. ಪವಿತ್ರ ಒಂದು ಮಾತ್ರ ಒರಿಜಿನಲಾ?"

"ಹಾಗಲ್ಲ ಆಂಟಿ. ಸೆಂಟಿಮೆಂಟ್ ಉಂಟಲ್ಲ. ಬೇರೆ ಗೆಸ್ಟ್‌ಗಳು ನೋಡಿದ್ರೆ..."

ಅತ್ತೆ ಕಾಲು ಮಡಚಲಿಲ್ಲ. ಮೊಮ್ಮಕ್ಕಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ ಹೇಳಿದರು: "ಮಗಾ, ದೈವ ಇದ್ದಿದ್ರೆ ನಾನು ಈ ಕಡೆ ಕಾಲು ಸಹ ನೀಡ್ತಿರಲಿಲ್ಲ. ನಿಂತೇ ಇದ್ದು ನಿಂತೇ ಹೋಗ್ತಿದ್ದೆ. ಇಲ್ಲ ಅಂತ ಹೇಳಿದ್ದು ನಿಮ್ಮ ಹುಡುಗಿ. ದೈವ ಎದ್ದು ಹೋದ ಮೇಲೆ ಇದು ಎಂತ? ಕಂಬ ಇರುವ ಮನೆ. ಮನೆಗೆ ಬಂದವರಿಗೆ ಒಳಗೆ ಕೂರಿಸಿ ಊಟ ಹಾಕುದಿಲ್ವಾ ನಿಮ್ಮಲ್ಲಿ?"

ಅಷ್ಟರಲ್ಲಿ ಗೇಟಿನ ಹತ್ತಿರ ಇನ್ನೊಂದು ಬಸ್ಸು ಹಾರ್ನ್ ಹೊಡೆಯಿತು. ದೇವರು ಕೆಲವೊಮ್ಮೆ ಹೀಗೆ ಬಸ್ಸಿನ ರೂಪದಲ್ಲೂ ಬರುತ್ತಾನೆ. ಮ್ಯಾನೇಜರ್ "ಬೇಗ ಮುಗಿಸಿ ಆಂಟಿ" ಎಂದು ವಯರನ್ನು ಕಿವಿಗೆ ತುರುಕಿಕೊಂಡು ಹೋದ.

ನಾನು ಶೆಡ್ಡಿಗೆ ಹೋಗಿ ಬಡಿಸಿಕೊಂಡು ಬಂದೆ. ರೊಟ್ಟಿ ಮುರಿದು, ಮೇಲೆ ಕೋಳಿಯ ಗಸಿ ಸುರಿದು, ಬಗ್ಗಿ ಅತ್ತೆಯ ಎದುರು ಇಟ್ಟೆ. ಅವರು ನಿಧಾನವಾಗಿ ತಿಂದರು. ಒಂದು ಎಲುಬನ್ನು ಕೊನೆಯವರೆಗೆ ಬಿಡಲಿಲ್ಲ. ಪುನಃ ಸ್ವಲ್ಪ ಗಸಿ ಕೇಳಿದರು. ಬಿಸಿಲಿನಲ್ಲಿ ಬೆಂದು ಬಂದ ಜಲಜಕ್ಕ ಬಾಗಿಲಲ್ಲಿ ನಿಂತು, "ಇಲ್ಲಿ ಗಾಳಿ ಉಂಟಲ್ಲ ಮಾರಾಯ್ತಿ" ಎಂದು ತಮ್ಮ ತಟ್ಟೆಯನ್ನೂ ಹಿಡಿದುಕೊಂಡು ಅತ್ತೆಯ ಪಕ್ಕ ಕೂತರು. ಅವರಿಗೆ ಎಂತ ನಡೆಯಿತೆಂದು ಈಗಲೂ ಗೊತ್ತಿಲ್ಲ. ಗೊತ್ತಾಗುವುದು ಬೇಡ, ಮಂಡಳಿಯ ವರದಿಯಲ್ಲಿ ಬರೆಯುತ್ತಾರೆ.

ನಾನು ಅಲ್ಲಿ ಕೂತು ತಿನ್ನಲಿಲ್ಲ. ಶೆಡ್ಡಿನ ಬದಿಯಲ್ಲಿ ನಿಂತೇ ಮುಗಿಸಿದೆ. ಮಂಚದ ಮೇಲೆ ಇರುವುದು ಫೈಬರು ಎಂದು ಕಿವಿಗೆ ಗೊತ್ತಾಗಿತ್ತು. ಆದರೆ ಒಮ್ಮೆ ಮುಗಿದ ಕೈ ಅಷ್ಟು ಬೇಗ ನಂಬುವುದಿಲ್ಲ. ಅತ್ತೆಯ ಭಕ್ತಿಗೆ ಲೆಕ್ಕ ಉಂಟು, ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನದು ಹೆದರಿಕೆ ಬೆರೆತದ್ದು. ತಟ್ಟೆ ತೊಳೆಯುವಾಗ ಆ ಫೈಬರಿಗೂ ಒಮ್ಮೆ ಮನಸ್ಸಿನಲ್ಲೇ ತಪ್ಪಾಯಿತು ಎಂದೆ. ನಗಬೇಡಿ.

ವಾಪಸು ಬರುವಾಗ ಅತ್ತೆ ಬಸ್ಸು ಹೊರಟದ್ದೇ ನಿದ್ದೆ ಮಾಡಿದರು. ಮೊಣಗಂಟು ಸತಾಯಿಸಲಿಲ್ಲ, ಕೋಳಿ ಹೊಟ್ಟೆಯಲ್ಲಿ ತಿರುಗಲಿಲ್ಲ, ಕಿಟಕಿಯ ಬದಿ ಸಿಕ್ಕಿತು. ನಾನು ಒಂದೊಂದಕ್ಕೂ ಮೇಲೆ ನೋಡಿ ತಲೆಬಾಗಿದೆ. ದೊಡ್ಡದನ್ನು ಕೊಡದಿದ್ದರೂ ಅವನು ಚಿಲ್ಲರೆ ಕೊಡುವುದನ್ನು ತಪ್ಪಿಸುವುದಿಲ್ಲ.

ಸಂಜೆ ಮನೆಯಲ್ಲಿ ಅತ್ತೆ ಸೀರೆ ಬದಲಿಸಿ ನಡುಕೋಣೆಯ ಚಾಪೆಯಲ್ಲಿ ಒರಗಿದರು. ದೇವರಿಗೆ ದೀಪ ಹಚ್ಚಿ ಬಂದು ನಾನು ಅವರ ಪಕ್ಕ ಕೂತೆ. ಗುತ್ತಿನವರನ್ನು, ಮ್ಯಾನೇಜರನನ್ನು, ಆ ಕಪ್ಪು ಕನ್ನಡಕದವನನ್ನು ಒಬ್ಬೊಬ್ಬರಾಗಿ ಹಿಡಿದು ಬೈದೆ. ಹೊಸ ಗುಡಿಗೆ ಹೇಗಾದರೂ ಮಾಡಿ ಒಮ್ಮೆ ಹೋಗುವ, ನಮ್ಮವರಿಗೆ ಯಾರಾದರೂ ಪರಿಚಯ ಇರಬಹುದು, ಎಂದೂ ಹೇಳಿದೆ. ಅತ್ತೆ ಕೇಳಿಸಿಕೊಂಡರೋ ಇಲ್ಲವೋ. ಕೈಯಿಂದ ಪಕ್ಕದ ಟೈಲ್ಸನ್ನು ಮುಟ್ಟಿ ನೋಡುತ್ತಿದ್ದರು.

"ಅಲ್ಲಿ ಒಳಗೆ ನೆಲ ತಂಪಿತ್ತು ವಾರಿಜ," ಎಂದರು. "ಅಷ್ಟು ಬಿಸಿಲಿಗೂ ತಂಪಿತ್ತು. ಅಮ್ಮನಿಗೆ ಗೊತ್ತೇ ಇರಲಿಲ್ಲ."

ಉಳಿದ ಬೈಗುಳ ಬಿಟ್ಟು ನಾನು ಎದ್ದು ಹೋಗಿ ಪಟ್ಟೆ ಸೀರೆಯನ್ನು ಬೆಳಕಿಗೆ ಹಿಡಿದೆ. ಅಂಚಿಗೆ ಅಂಗೈ ಅಗಲ ಗಸಿ ಚೆಲ್ಲಿತ್ತು. ತಣ್ಣೀರು ತುಂಬಿಸಿ, ಸೋಪು ತೆಗೆದುಕೊಂಡು, ಉಜ್ಜಲು ಕೂತೆ.